ಗೋಧಿಕಾಳಷ್ಟು ಮುಂದೆ, ಅಕ್ಕಿಕಾಳಷ್ಟು ಹಿಂದೆ

ಆರು ವರ್ಷದ ಮಗಳು, ಮೂರು ವರ್ಷದ ಮಗ ಜೊತೆಗಿದ್ದರೆ ಹುಬ್ಬಳ್ಳಿಯಿಂದ ನನ್ನ ತವರು ಗಡಹಿಂಗ್ಲಜಕ್ಕೆ ಹೋಗುವುದೂ ಕಾಶಿಯಾತ್ರೆಯೇ. ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ತಿರುಗುವ ಹೊತ್ತಿಗೆ ಚಿಕ್ಕವನಿಗೆ ಎರಡು ಸಲ ವಾಂತಿಯಾಗಿತ್ತು. ಅಲ್ಲಿಂದ ಸ್ವಲ್ಪ ದೂರಕ್ಕೆ ಬೋರ್ಡುಗಳೆಲ್ಲ ಮರಾಠಿಗೆ ತಿರುಗುತ್ತವೆ. ಬಾಯಿಮಾತು ಮಾತ್ರ ತಿರುಗುವುದಿಲ್ಲ. ನಮ್ಮವ್ವ ಬಸ್ ಕಂಡಕ್ಟರನ ಜೊತೆ ಮರಾಠಿಯಲ್ಲಿ ಜಗಳವಾಡುತ್ತಾಳೆ, ದೇವರ ಜೊತೆ ಕನ್ನಡದಲ್ಲಿ. ಬಾಗಿಲಲ್ಲೇ ನಿಂತು, “ಬಂದ್ಯಾ ಯವ್ವಾ, ಕೂಸಿನ ಕಿವಿಗೆ ಏನೂ ಕಟ್ಟಿಲ್ಲಲ್ಲ!” ಎಂದಳು. ಜನವರಿಯಲ್ಲಿ ಹಿರಣ್ಯಕೇಶಿ ಹೊಳೆಯ ಕಡೆಯಿಂದ ಬರುವ ಬೆಳಗಿನ ಥಂಡಿಗೆ ದೊಡ್ಡವರ ಕಿವಿಗೂ ಏನಾದರೂ ಕಟ್ಟಬೇಕು.

ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬೆಣ್ಣೆ, ಅವರೆ-ಗಜ್ಜರಿ-ಬದನೆಕಾಯಿ ಎಲ್ಲ ಕೂಡಿಸಿದ ಪಲ್ಯ. ಮರುದಿನ ಓಣಿಯಲ್ಲಿ ಒಂದು ಮನೆಯಲ್ಲಿ “ಎಳ್ಳು ಬೆಲ್ಲ ತಗೋರಿ”, ಪಕ್ಕದ ಮನೆಯಲ್ಲಿ “ತಿಳಗುಳ ಘ್ಯಾ”. ಮಗಳಿಗೆ ಎರಡು ದಿನದಲ್ಲಿ ಲೆಕ್ಕ ಸಿಕ್ಕಿತು: ಎರಡೂ ಭಾಷೆಯಲ್ಲಿ ಹೇಳಿದರೆ ಎರಡು ಉಂಡೆ.

ಸಂಕ್ರಾಂತಿ ಮುಗಿದ ಮೇಲೆ ಕೊಲ್ಹಾಪುರ. ಅಂಬಾಬಾಯಿಯ ಕಿರಣೋತ್ಸವಕ್ಕೆ ಎರಡು ವಾರ ಮುಂಚೆಯೇ ಬಂದಿದ್ದೆವು. ಜನವರಿ 31ರಿಂದ ಮೂರು ದಿನ, ಮತ್ತೆ ನವೆಂಬರ್ 9ರಿಂದ ಮೂರು ದಿನ, ಮುಳುಗುವ ಸೂರ್ಯನ ಬೆಳಕು ಪಡುವಣ ಬಾಗಿಲಿಂದ ಒಳಹೊಕ್ಕು ದೇವಿಯನ್ನು ಮುಟ್ಟುತ್ತದೆ. ನಮಗೆ ಮುಟ್ಟಿದ್ದು ಸರತಿಯ ನೂಕುನುಗ್ಗಲು ಮಾತ್ರ. 1884ರ ಹೊಸ ಅರಮನೆಯ ಕರಿಗಲ್ಲಿನ ಠೀವಿಯನ್ನು ನಾನೂ ನಮ್ಮವರೂ ಮೆಚ್ಚುತ್ತ ನಿಂತಿದ್ದರೆ, ಚಿಕ್ಕವನು ಒಳಗಿನ ಹುಲ್ಲು ತುಂಬಿದ ಹುಲಿಗೆ ಬಿಸ್ಕತ್ತು ತೋರಿಸಿ “ತಿನ್ನು” ಎಂದು ಗದರುತ್ತಿದ್ದ. ಅದು ತಿನ್ನಲಿಲ್ಲವೆಂದು ರಂಕಾಳ ಕೆರೆ ಬರುವವರೆಗೂ ಅತ್ತ.

ರಂಕಾಳದ ದಂಡೆಯಲ್ಲಿ ಭೇಳು ತಿಂದೆವು. ಕುದುರೆ ಸವಾರಿಯೂ ಆಯಿತು. ಆದರೆ ಮಗಳ ತಲೆಗೆ ಹೊಕ್ಕಿದ್ದು ಅಲ್ಲಿಯ ನಂದಿಯ ಕಥೆ. ಆ ಕಲ್ಲಿನ ನಂದಿ ದಿನಕ್ಕೊಂದು ಗೋಧಿಕಾಳಿನಷ್ಟು ಕೆರೆಯ ಕಡೆ ಸರಿಯುತ್ತದಂತೆ, ಮತ್ತೆ ಅಕ್ಕಿಕಾಳಿನಷ್ಟು ಹಿಂದೆ ಬರುತ್ತದಂತೆ. ನೀರು ಮುಟ್ಟಿದ ದಿನ ಪ್ರಳಯ. ಹೇಳಿದ್ದು ನಾನೇ, ಊಟ ಮಾಡಿಸಲಿಕ್ಕೆಂದು. ಅವಳು ಉಣ್ಣುವುದು ಬಿಟ್ಟು ನಂದಿಯ ಕಾಲನ್ನೇ ನೋಡುತ್ತ ಕುಳಿತಳು.

ಎರಡು ದಿನ ಬಿಟ್ಟು ಖಿದ್ರಾಪುರ. ಕೃಷ್ಣೆಯ ದಂಡೆಯ ಕೋಪೇಶ್ವರ ದೇವಾಲಯ, ಶಿಲಾಹಾರರ ಕಾಲದ್ದು. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು ಇಡೀ ಗುಡಿಯನ್ನು ಹೊತ್ತು ನಿಂತಿದೆ. ಚಿಕ್ಕವನು ಒಂದೊಂದರ ಸೊಂಡಿಲನ್ನೂ ಸವರಿ ಮುಂದೆ ಹೋಗುವಷ್ಟರಲ್ಲಿ ಅರ್ಧ ತಾಸು. ಮುಂದಿನ ಸ್ವರ್ಗಮಂಟಪಕ್ಕೆ ಸೂರಿನ ನಡುವೆ ಗುಂಡಗಿನ ಆಕಾಶ. ಸುಮಾರು 13 ಅಡಿ ಅಗಲದ ಬಾಯಿ, ಅದರ ಸುತ್ತ 12 ಕಂಬ, ಹೊರಗಿನವನ್ನೂ ಸೇರಿಸಿದರೆ 48. ಕೆಳಗೆ ಅದರಷ್ಟೇ ದುಂಡನೆಯ ಹಾಸುಗಲ್ಲು. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ಈ ಬಾಯಿಯ ನೆತ್ತಿಗೆ ಬರುವುದನ್ನು ನೋಡಲು ಜನ ಸೇರುತ್ತಾರೆ. ನಾವು ಹೋದಾಗ ಒಳಗೆ ಬಿದ್ದಿದ್ದು ಬೆಳಗಿನ ಬಿಸಿಲು. ಚಿಕ್ಕವನು ಅದರೊಳಗೆ ಅಂಗಾತ ಮಲಗಿ, “ಮ್ಯಾಲೆ ತೂತು ಬಿದ್ದೈತಿ” ಎಂದ. ಸೋರೀತೆಂಬ ಚಿಂತೆ ಅವನಿಗೆ.

ಇಲ್ಲಿಯ ಹತ್ತಾರು ಶಾಸನಗಳಲ್ಲಿ ಯಾದವ ಸಿಂಘಣನ ಕಾಲದ ಒಂದು ಸಂಸ್ಕೃತದಲ್ಲಿದೆ. ಉಳಿದವೆಲ್ಲ ಕನ್ನಡ. ಒಂದನೆಯ ತರಗತಿಯ ವಿದುಷಿ ಕಲ್ಲಿನ ಮೇಲೆ ಬೆರಳಾಡಿಸಿ, “ಇದು ಗ, ಗಡಹಿಂಗ್ಲಜದ ಗ” ಎಂದಳು. ನನಗೆ ಅದಕ್ಕಿಂತ ಹೆಚ್ಚೇನೂ ಓದಲು ಬರಲಿಲ್ಲ.

“ನಂದಿ ಎಲ್ಲೈತಿ?” ಶಿವನ ಗುಡಿಯಲ್ಲಿ ನಂದಿಯೇ ಇಲ್ಲ. ಗುಡಿಯಲ್ಲಿ ಸಿಕ್ಕ ಅಜ್ಜರೊಬ್ಬರು ಹೇಳಿದರು: ದಾಕ್ಷಾಯಣಿ ಅಪ್ಪನ ಯಜ್ಞಕ್ಕೆ ನಂದಿಯ ಮೇಲೆ ಕುಳಿತು ಹೋದಳು, ಆ ನಂದಿ ಹೊಳೆಯಾಚೆ ಕರ್ನಾಟಕದ ಯಡೂರಿನಲ್ಲಿ ಉಳಿಯಿತು, ಇಲ್ಲಿ ಶಿವ ಕೋಪದಲ್ಲಿ ಕುಳಿತ, ಸಮಾಧಾನ ಹೇಳಲು ಬಂದ ವಿಷ್ಣುವೂ ಲಿಂಗವಾಗಿ ಪಕ್ಕದಲ್ಲೇ ಇದ್ದಾನೆ. ತವರಿಗೆ ಹೊರಟವಳು ಗಾಡಿಯನ್ನೂ ಒಯ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ, ಎನ್ನುತ್ತ ನಮ್ಮವರು ನನ್ನ ಕೈಲಿದ್ದ ಕಾರಿನ ಕೀಲಿಯನ್ನು ನೋಡಿದರು. ಮಗಳು ನಗಲಿಲ್ಲ.

“ಹಂಗಾದ್ರ ಕೆರಿ ನಂದಿ ಇಲ್ಲಿಗೇ ಬರಾಕತ್ತದೇನು?”

ಅಜ್ಜರು ಅವಳನ್ನೇ ನೋಡಿ, “ಇರಬಹುದವ್ವಾ” ಎಂದರು.

ಅಂದು ಮಧ್ಯಾಹ್ನ ಇಚಲಕರಂಜಿ, ಚಿಗವ್ವನ ಮನೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಊರು; ಚಿಗವ್ವನ ಓಣಿಯಲ್ಲಂತೂ ಗೋಡೆಗೆ ಕಿವಿಯಿಟ್ಟರೆ ಲಾಳಿಯ ಖಟಖಟ. ಆ ಸದ್ದಿಗೆ ಚಿಕ್ಕವನು ಗಾಢವಾಗಿ ಮಲಗಿದ. ಕರೆಂಟು ಹೋಗಿ ಓಣಿ ಮೌನವಾದಾಗ ಬೆಚ್ಚಿ ಎದ್ದು ಕೂತ.

ಸಂಜೆ ಅವನಿಗೆ ಬೋರನ್ಹಾಣ. ಸಂಕ್ರಾಂತಿಯಿಂದ ರಥಸಪ್ತಮಿಯೊಳಗೆ ಯಾವ ದಿನವಾದರೂ ಆದೀತು. ಮೈಸೂರು ಸೀಮೆಯವರು ಎಲಚಿಹಣ್ಣು ಎರೆಯುವುದು ಎನ್ನುತ್ತಾರಲ್ಲ, ಅದೇ. ಹಬ್ಬಕ್ಕೆ ಕಪ್ಪು ಬಟ್ಟೆ ಹಾಕುವುದು ಸಂಕ್ರಾಂತಿಯೊಂದರಲ್ಲೇ ಇರಬೇಕು. ಕರಿ ಅಂಗಿ, ಕುಸುರೆಳ್ಳು ಪೋಣಿಸಿದ ಕಿರೀಟ, ಹಾರ, ಕೈಕಡಗ. ಮಣೆಯ ಮೇಲೆ ಕೂರಿಸಿ ಆರತಿ ಮಾಡಿ, ತಲೆಯ ಮೇಲಿಂದ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ, ಈಗಿನ ಕಾಲಕ್ಕೆ ತಕ್ಕಂತೆ ಚಾಕೊಲೇಟು ಸುರಿದರು. ಓಣಿಯ ಹುಡುಗರು ಮುಗಿಬಿದ್ದು ಆರಿಸಿಕೊಂಡರು. ಮಳೆ ನಿಂತಾಗ ನೋಡಿದರೆ ರಾಜಕುಮಾರ ಒಂದು ಕೈಕಡಗವನ್ನು ಪೂರಾ ತಿಂದು ಮುಗಿಸಿದ್ದ, ದಾರವಷ್ಟೇ ಉಳಿದಿತ್ತು. ಗುಂಪಿನಲ್ಲಿ ಮಗಳು ಕಾಣಲಿಲ್ಲ. ಅಡುಗೆಮನೆಯಲ್ಲಿ ಚಿಗವ್ವನ ಗೋಧಿ ಡಬ್ಬಿ ತೆಗೆದು ಕುಳಿತಿದ್ದಳು.

ಗಡಹಿಂಗ್ಲಜಕ್ಕೆ ಮರಳಿದ ರಾತ್ರಿ ಒಲೆಯ ಮುಂದೆ ಪರೀಕ್ಷೆ ನಡೆಯಿತು. ನಮ್ಮವ್ವ ಬಳಸುವುದು ಪಕ್ಕದ ಆಜರಾದ ಘನಸಾಳ ಅಕ್ಕಿ. ಪರಿಮಳ ಓಣಿಯ ತುದಿಗೆ ಬಡಿಯುತ್ತದೆ, ಕಾಳು ಮಾತ್ರ ಗಿಡ್ಡ. ಗೋಧಿಯ ಪಕ್ಕ ಇಟ್ಟರೆ ಗೋಧಿಯೇ ಉದ್ದ. ಅಂದರೆ ನಂದಿ ದಿನಾ ಚೂರುಚೂರೇ ಮುಂದೆ ಸರಿಯುತ್ತಿದೆ. ಮಗಳ ಮುಖ ಸಣ್ಣಗಾಯಿತು. ಅವ್ವ ಎದ್ದು, ನಾವು ಹುಬ್ಬಳ್ಳಿಯಿಂದ ತಂದಿದ್ದ ಬಾಸುಮತಿಯ ನಾಲ್ಕು ಕಾಳು ತಂದಿಟ್ಟಳು.

“ನೋಡು, ಇದನ್ನಿಟ್ರ ಹಿಂದ ಸರೀತೈತಿ.”

ಮರುದಿನ ಹೊರಡುವಾಗ ಅವ್ವ ಎರಡು ಕಿಲೋ ಘನಸಾಳ ಕಟ್ಟಿಕೊಟ್ಟಳು. ಮಗಳು ಬಾಸುಮತಿಯ ಕಾಳುಗಳನ್ನು ಅಜ್ಜಿಯ ಮುಷ್ಟಿಗೆ ಹಾಕಿ, ಕೊಲ್ಹಾಪುರಕ್ಕೆ ಹೋದಾಗ ನಂದಿಯ ಮುಂದೆ ಇಡಬೇಕೆಂದು ಮೂರು ಸಲ ಹೇಳಿದಳು. ಸಂಕೇಶ್ವರ ಮುಟ್ಟುವ ಮೊದಲೇ ಚಿಕ್ಕವನಿಗೆ ವಾಂತಿ.