ಮಲಪ್ರಭೆಯ ಸೀಮೆಯ ಸಿಹಿಯೂಟ

ಷಡ್ರಸಗಳನ್ನು ಎಣಿಸುವಾಗ ನಮ್ಮ ಆಯುರ್ವೇದಕಾರರು ಮಧುರರಸವನ್ನೇ ಮೊದಲು ಹೇಳಿರುವರು. ಬೆಳಗಾವಿ ಜಿಲ್ಲೆಯ ಮಧುರಪದಾರ್ಥಗಳನ್ನು ಎಣಿಸುವವರು ಗೋಕಾಕದ ಕರದಂಟು, ಬೆಳಗಾವಿಯ ಕುಂದಾ ಎಂದು ಹೇಳಿ, ನೆರೆಯ ಧಾರವಾಡದ ಪೇಢೆಯನ್ನೂ ಜೊತೆಗೆ ಸೇರಿಸಿ, ಅಲ್ಲಿಗೆ ಮುಗಿಸಿಬಿಡುವರು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹೆಸರನ್ನು ಹೊತ್ತು ತಿರುಗುವ ಮಿಠಾಯಿಯು ಇಲ್ಲವೆಂಬದು ನಿಜ. ಆದರೆ ಈ ಸೀಮೆಯಲ್ಲಿ ಉತ್ತಮವಾದ ಸಿಹಿ ಇಲ್ಲವೆಂದು ಯಾರೂ ಭಾವಿಸಲಾಗದು. ಅದು ಪೆಟ್ಟಿಗೆಯಲ್ಲಿ ಕುಳಿತು ಪರವೂರಿಗೆ ಹೋಗುವಂಥದಲ್ಲ, ಅಷ್ಟೆ. ಅದನ್ನು ಉಣ್ಣಬೇಕಾದರೆ ನಾವೇ ಅಲ್ಲಿಗೆ ಹೋಗಬೇಕು. ಎಲ್ಲಿ ಏನನ್ನು ಉಣ್ಣಬೇಕೆಂಬದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ತಿಳಿಸುವೆವು.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬರುವವರಿಗೆ ಮೊದಲು ಸಿಗುವದು ಕಿತ್ತೂರು. 1824ನೆಯ ಇಸವಿಯ ಅಕ್ಟೋಬರ 23ರಂದು ರಾಣಿ ಚೆನ್ನಮ್ಮನ ಸೈನ್ಯವು ಥ್ಯಾಕರೆಯ ಪಡೆಯನ್ನು ಸೋಲಿಸಿದ್ದು ಇಲ್ಲಿಯೇ. ಅದರ ನೆನಪಿಗಾಗಿ ಪ್ರತಿವರ್ಷ ಅಕ್ಟೋಬರದಲ್ಲಿ ಉತ್ಸವವು ಜರುಗುವದು. ಸುತ್ತಲಿನದು ಕಬ್ಬಿನ ಭೂಮಿ, ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆಯ ಕಾರಖಾನೆಯೂ ಉಂಟು. ಆದರೂ ಹಬ್ಬದಡಿಗೆಗೆ ಇಲ್ಲಿಯವರು ಬೆಲ್ಲವನ್ನೇ ಹುಡುಕುವರು. ಅಚ್ಚ ಹಳದಿಯ ಬೆಲ್ಲಕ್ಕೆ ಮರುಳಾಗದೆ, ತುಸು ಕಪ್ಪಾದುದನ್ನೇ ಕೊಳ್ಳುವದು ಜಾಣತನ. ಬಣ್ಣ ತಿಳಿಯಾಗಲೆಂದು ಔಷಧ ಬೆರೆಸುವವರು ಇರುವರು. ಆ ಬೆಲ್ಲದ ಸಾರ್ಥಕತೆಯನ್ನು ಜಾತ್ರೆಯ ದಾಸೋಹದ ಗೋಧಿ ಹುಗ್ಗಿಯಲ್ಲಿ ಕಾಣಬೇಕು. ಕುಟ್ಟಿ ಹೊಟ್ಟು ತೆಗೆದ ಗೋಧಿಯು ಚೆನ್ನಾಗಿ ಅರಳಿದ ಮೇಲೆಯೇ ಬೆಲ್ಲವನ್ನು ಹಾಕತಕ್ಕದ್ದು. ಅವಸರಪಟ್ಟು ಮುಂಚೆ ಹಾಕಿದರೆ ಕಾಳು ಬಿರುಸಾಗಿಯೇ ಉಳಿಯುವದು. ಸಾವಿರ ಜನರಿಗೆ ಒಂದೇ ಕಡಾಯಿಯಲ್ಲಿ ಬೆಂದ ಹುಗ್ಗಿಗೆ ಬರುವ ರುಚಿಯು ಮನೆಯ ಪಾತ್ರೆಯಲ್ಲಿ ಬರಲಾರದೆಂಬದು ನಮ್ಮ ಅನುಭವ.

ಕಿತ್ತೂರಿನಿಂದ ಉತ್ತರಕ್ಕೆ ಹೋದರೆ ಬೈಲಹೊಂಗಲ. ಸೆರೆಯಲ್ಲಿದ್ದ ಚೆನ್ನಮ್ಮನು 1829ರ ಫೆಬ್ರುವರಿ 2ರಂದು ಇಲ್ಲಿ ದೇಹವನ್ನಿಟ್ಟಳು. ಆಕೆಯ ಸಮಾಧಿಯ ದರ್ಶನ ಮಾಡಿಕೊಂಡು ಪೇಟೆಗೆ ಹೋಗಬಹುದು. ಇದು ವ್ಯಾಪಾರದ ಊರು. ಅಂಗಡಿಯ ಮಿಠಾಯಿಯನ್ನು ಕೊಳ್ಳುವವರು ಇಲ್ಲಿಯೇ ಕೊಳ್ಳಲಿ. ಕರದಂಟೆಂದರೆ ಕರಿದ ಅಂಟು. ಮರದ ಅಂಟನ್ನು ತುಪ್ಪದಲ್ಲಿ ಕರಿದು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸುವರು. ಅಂಟು ಪೂರ್ತಿ ಅರಳಿದ್ದರೆ ಹಲ್ಲಿಗೆ ಸಿಕ್ಕೊಡನೆ ಪುಡಿಯಾಗುವದು. ಅರ್ಧಮರ್ಧ ಕರಿದದ್ದು ಹಲ್ಲಿಗೆ ಮೆತ್ತಿಕೊಳ್ಳುವದು. ಒಂದು ತುಣುಕನ್ನು ತಿಂದು ಪರೀಕ್ಷಿಸಿಯೇ ಕೊಳ್ಳಬೇಕು. ಬಾಣಂತಿಯರಿಗೆ ಮನೆಮನೆಯಲ್ಲಿ ಕಟ್ಟುವ ಅಂಟಿನುಂಡೆಯು ಇದರದೇ ಬಳಗದ್ದು.

ಅಲ್ಲಿಂದ ಮೂಡಲಿಗೆ ಸವದತ್ತಿ. 1972ರಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು, ಮಲಪ್ರಭೆಯು ಇಲ್ಲಿ ರೇಣುಕಾಸಾಗರವಾಗಿ ಹರಡಿರುವಳು. ಬನದ ಹುಣ್ಣಿವೆಗೂ ಭಾರತ ಹುಣ್ಣಿವೆಗೂ ಎಲ್ಲಮ್ಮನ ಗುಡ್ಡಕ್ಕೆ ಕನ್ನಡನಾಡಿನಿಂದಲೂ ಮಹಾರಾಷ್ಟ್ರದಿಂದಲೂ ಅಸಂಖ್ಯ ಜನರು ಬರುವರು. ಮೂರು ಕಲ್ಲಿನ ಒಲೆ ಹೂಡಿ, ಬಯಲಿನಲ್ಲಿಯೇ ಹೋಳಿಗೆ, ಕಡಬು ಮಾಡಿ, ದೇವಿಗೆ ಪಡಲಗಿ ತುಂಬಿಸಿದ ತರುವಾಯ ತಾವು ಉಣ್ಣುವರು. ಸಂಸ್ಕೃತದ ‘ಪೂರಣ’ವೇ, ಅಂದರೆ ತುಂಬುವದೇ, ನಮ್ಮ ಬಾಯಲ್ಲಿ ‘ಹೂರಣ’ವಾಯಿತು. ಹೂರಣವು ಹೋಳಿಗೆಯ ಅಂಚಿನವರೆಗೂ ಮುಟ್ಟಿರಬೇಕು. ಗಾಳಿ, ಹೊಗೆ, ಧೂಳುಗಳ ನಡುವೆ ಹಂಚಿನ ಮೇಲಿಂದ ನೇರವಾಗಿ ಎಲೆಗೆ ಬೀಳುವ ಆ ಹೋಳಿಗೆಗೆ ತುಪ್ಪ ಕಡಿಮೆಯಿದ್ದರೂ ನಡೆಯುವದು.

ಕೊನೆಯದು ರಾಮದುರ್ಗ, 1948ರ ವರೆಗೆ ಭಾವೆ ಮನೆತನದ ಸಂಸ್ಥಾನ. ಇದೇ ತಾಲೂಕಿನ ಸುರೇಬಾನದ ಬಳಿಯಲ್ಲಿ ಶಬರಿಕೊಳ್ಳವಿರುವದು. ಶಬರಿಯು ಕಚ್ಚಿ ನೋಡಿ ಸಿಹಿಯಾದ ಹಣ್ಣನ್ನೇ ರಾಮನಿಗೆ ಕೊಟ್ಟಳೆಂಬ ಕಥೆಯು ವಾಲ್ಮೀಕಿಗಳಲ್ಲಿ ಇಲ್ಲ. ಅಲ್ಲಿ ಅವಳು ಕಾಡಿನ ಆಹಾರವನ್ನು ಕೂಡಿಟ್ಟು ಅತಿಥಿಗೆ ಅರ್ಪಿಸುವಳು, ಅಷ್ಟೆ. ರುಚಿ ನೋಡಿ ಕೊಟ್ಟ ಮಾತನ್ನು ಸೇರಿಸಿದವರು ಮುಂದಿನ ಜನರು. ಬಡಿಸುವವರ ಮನಸ್ಸನ್ನು ಅವರು ಚೆನ್ನಾಗಿ ಬಲ್ಲವರೆಂದು ತೋರುವದು.

ಈ ಸೀಮೆಯ ಮದುವೆ-ಮುಂಜಿವೆಗಳಲ್ಲಿ ಅಂಥ ಮನಸ್ಸಿನಿಂದ ಮಾಡುವ ಅಡಿಗೆಯೆಂದರೆ ಮಾದಲಿ. ನಮ್ಮ ಮನೆಯ ಅಳತೆ ಹೀಗಿರುವದು: ಒಂದು ಸೇರು ಗೋಧಿ, ಕಾಲು ಸೇರು ಕಡಲೆಬೇಳೆ, ಒಂದು ಹಿಡಿ ಅಕ್ಕಿ, ಎಲ್ಲವನ್ನೂ ಹುರಿದು ತರಿಯಾಗಿ ಬೀಸಿಸಬೇಕು. ಗಟ್ಟಿಯಾಗಿ ನಾದಿ, ದಪ್ಪ ಚಪಾತಿ ಬೇಯಿಸಿ, ಬಿಸಿಯಿರುವಾಗಲೇ ತಿಕ್ಕಿ ಪುಡಿಮಾಡಿ ಸಾಣಿಸಬೇಕು. ಬೆಲ್ಲ, ಪುಟಾಣಿ, ಕೊಬ್ಬರಿ, ಗಸಗಸೆ, ಏಲಕ್ಕಿಗಳನ್ನು ಕೂಡಿಸಿ, ಬಿಸಿಹಾಲು ತುಪ್ಪಗಳೊಡನೆ ಬಡಿಸಬೇಕು. ಅಂಗೈ ಕೆಂಪಾಗದೆ ಮಾದಲಿ ಆಗದು.

ಆ ಅಂಗೈಗಳೇ ಈಗ ಕಡಿಮೆಯಾಗುತ್ತಿರುವವು. ಮಕ್ಕಳು ಪುಣೆ, ಬೆಂಗಳೂರು, ಅಮೇರಿಕಗಳನ್ನು ಸೇರಿರುವರು. ಹೋಳಿಗೆಯು ಅಂಗಡಿಯಿಂದ ಎಣಿಕೆಯ ಮೇಲೆ ಬರುವದು. ಅದನ್ನು ಮಾರಿ ಸಂಸಾರ ಸಾಗಿಸುವ ಹೆಣ್ಣುಮಕ್ಕಳ ದುಡಿಮೆಯು ಗೌರವಕ್ಕೆ ಯೋಗ್ಯವೇ ಸರಿ. ಆದರೆ ಪೇಢೆ, ಕರದಂಟುಗಳನ್ನು ಕಾಯುವದಕ್ಕೆ ಅಂಗಡಿಗಳಿರುವವು. ಹುಗ್ಗಿ-ಮಾದಲಿಗಳನ್ನು ಕಾಯುವದಕ್ಕೆ ಮನೆಯ ಹಿರಿಯಳ ಕೈಯ ಹೊರತು ಬೇರೆ ಆಸರೆಯಿಲ್ಲ. ಆ ಕೈಯ ಅಳತೆಯನ್ನು ಯಾರೂ ಬರೆದಿಟ್ಟಿಲ್ಲ. ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಬರುವ ಹಬ್ಬಕ್ಕೆ ಮಗಳನ್ನಷ್ಟೇ ಅಲ್ಲ, ಮಗನನ್ನೂ ಅಜ್ಜಿಯ ಬದಿಗೆ ಕುಳ್ಳಿರಿಸಿರಿ, ಒಬ್ಬರು ಬರೆದುಕೊಳ್ಳಲಿ, ಒಬ್ಬರು ತಿಕ್ಕಲಿ.