ದುಡ್ಡು ಕೊಟ್ಟ ಅತಿಥಿಗಳು

ಅತಿಥಿ ಎಂಬ ಮಾತಿಗೆ ನಮ್ಮ ಹಿರಿಯರು ಹೇಳುತ್ತಿದ್ದ ಅರ್ಥ, ಬರುವ ತಿಥಿ ಗೊತ್ತಿಲ್ಲದವನು ಎಂದು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನಿಗೂ ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಟ್ಟು ಉಪಚರಿಸುವುದು ಗೃಹಸ್ಥಧರ್ಮ. ಹೋಮ್‌ಸ್ಟೇಗಳಿಗೆ ಹೋಗುವ ನಮ್ಮಂಥವರು ಈ ಅರ್ಥದಲ್ಲಿ ಅತಿಥಿಗಳೇ ಅಲ್ಲ. ಬರುವ ತಾರೀಖು, ಹೊರಡುವ ಗಂಟೆ, ತಲೆಗಳ ಲೆಕ್ಕ, ಎಲ್ಲವನ್ನೂ ಮೊಬೈಲಿನಲ್ಲಿ ನಮೂದಿಸಿ, ಹಣವನ್ನು ಮುಂಗಡವಾಗಿಯೇ ತೆತ್ತು ಹೋಗುವವರು ನಾವು. ಆದರೂ ಬಾಗಿಲಲ್ಲಿ ನಿಂತ ಯಜಮಾನರು ನಮ್ಮನ್ನು ಅತಿಥಿಗಳೆಂದೇ ಕರೆಯುತ್ತಾರೆ. ನಾವೂ ಸಂತೋಷದಿಂದ ಹಾಗೆ ಕರೆಸಿಕೊಳ್ಳುತ್ತೇವೆ. ಅತಿಥಿಗೂ ಗ್ರಾಹಕನಿಗೂ ನಡುವಣ ಗೆರೆ ಎಲ್ಲವೂ ಸುಖವಾಗಿರುವಾಗ ಕಾಣುವುದಿಲ್ಲ. ಯಾರಾದರೂ ಬಿದ್ದು ಕೈ ಮುರಿದುಕೊಂಡಾಗ ಕಾಣುತ್ತದೆ.

ನಮ್ಮಲ್ಲಿ ಕೈ ಮುರಿದುಕೊಂಡವರು ಆಯಿ. ಶಿರಸಿ ಸೀಮೆಯ ತೋಟದ ಮನೆಯಲ್ಲಿ ಬಾಳಿ, ಅಪ್ಪ ತೀರಿಕೊಂಡ ಮೇಲೆ ಪುಣೆಯ ನಮ್ಮ ಸರ್ಕಾರಿ ವಸತಿಗೃಹಕ್ಕೆ ಬಂದವರು. 2023ರ ಜುಲೈನಲ್ಲಿ, ಮಳೆ ನೋಡಬೇಕೆಂಬ ಅವರ ಆಸೆಯಿಂದಲೇ, ತಾಮ್ಹಿಣಿ ಘಾಟಿ ಇಳಿದು ಕೊಂಕಣದ ಒಂದು ಹಳ್ಳಿಗೆ ನಾಲ್ವರೂ ಹೋಗಿದ್ದೆವು. ಎರಡು ರಾತ್ರಿಗೆ 9,200 ರೂಪಾಯಿ. ತಂಗುವ ಕೋಣೆಗಳು ಕೆಳಗೆ, ಊಟದ ಜಗಲಿ ಮೇಲೆ. ನಡುವೆ ಕೆಂಪು ಜಂಬಿಟ್ಟಿಗೆಯ ನಾಲ್ಕು ಮೆಟ್ಟಿಲು. ಹಿಡಿದುಕೊಳ್ಳಲು ಕೈಪಿಡಿಯಿಲ್ಲ. ಮೆಟ್ಟಿಲ ಮೇಲಿನ ದೀಪ ಉರಿಯುತ್ತಿಲ್ಲವೆಂದು ಸಂಜೆಯೇ ವಾಟ್ಸಾಪಿನಲ್ಲಿ ತಿಳಿಸಿದ್ದೆವು. ನಾಳೆ ಹಾಕಿಸುತ್ತೇನೆ ಎಂಬ ಉತ್ತರ ಬಂದಿತ್ತು. ಊಟ ಮುಗಿಸಿ ಇಳಿಯುವಾಗ, ಮಗಳು ಮೊಬೈಲಿನ ಬೆಳಕು ಹಿಡಿದಿದ್ದಂತೆಯೇ, ಆಯಿ ಪಾಚಿಯ ಮೇಲೆ ಜಾರಿದರು. ಊರಿದ ಬಲಗೈಯ ಮಣಿಕಟ್ಟು ಮುರಿಯಿತು.

ಮುಂದಿನದನ್ನೂ ಹೇಳಲೇಬೇಕು. ಆ ಯಜಮಾನರು ಸುರಿಯುವ ಮಳೆಯಲ್ಲಿ ತಾವೇ ಗಾಡಿ ತೆಗೆದು ತಾಲೂಕು ಊರಿನ ಆಸ್ಪತ್ರೆಗೆ ಕರೆದೊಯ್ದರು. ಅವರ ಹೆಂಡತಿ ದಾರಿಯುದ್ದಕ್ಕೂ ಆಯಿಯನ್ನು ತೋಳಿಗೆ ಒರಗಿಸಿಕೊಂಡು "ಮಾವಶಿ, ಮಾವಶಿ" ಎಂದು ಸಮಾಧಾನ ಮಾಡಿದರು. ಬೆಳಿಗ್ಗೆ ಮೆತ್ತಗೆ ಅನ್ನ ಬೇಯಿಸಿ, ತುಪ್ಪ ಹಾಕಿ ಕಲಸಿ, ಕೈಯಾರೆ ಉಣಿಸಿದರು. ಎರಡನೆಯ ರಾತ್ರಿಯ ಹಣವನ್ನು ನಾವು ಕೇಳದೆಯೇ ಹಿಂದಿರುಗಿಸಿದರು. ಕೆಟ್ಟವರೊಡನೆ ಜಗಳ ಸುಲಭ, ಇವರು ಕೆಟ್ಟವರಲ್ಲ.

ಪುಣೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೂಳೆಗೆ ಪ್ಲೇಟು ಕೂರಿಸಿದರು. ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ ದರದಂತೆ ಮರುಪಾವತಿ ಬಂದದ್ದನ್ನು ಕಳೆದರೆ ಆಸ್ಪತ್ರೆಗೆ ನಮ್ಮ ಕೈಯಿಂದ ಹೋದದ್ದು 61,000 ರೂಪಾಯಿ. ವ್ಯಾಯಾಮ ಚಿಕಿತ್ಸೆಗೆ 14,400. ಮೂರು ತಿಂಗಳು ಆಯಿಗೆ ತಲೆ ಬಾಚಿ, ಸೀರೆ ಉಡಿಸಲು ಬಂದ ಹೆಣ್ಣುಮಗಳ ಸಂಬಳ 24,000. ಕಡತದ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ನಾವು ಪ್ರತಿಯೊಂದು ರಸೀದಿಯನ್ನೂ ಜೋಡಿಸಿಟ್ಟೆವು.

ಯಜಮಾನರಿಗೆ ಫೋನು ಮಾಡಿ ವಿಷಯವೆತ್ತಿದಾಗ ಅವರಿಗೆ ನಿಜವಾಗಿ ನೋವಾಯಿತು. "ಮಾವಶಿ ನಮಗೆ ತಾಯಿಯಿದ್ದ ಹಾಗೆ, ನಡುವೆ ದುಡ್ಡಿನ ಮಾತೇಕೆ?" ಎಂದರು. ಬಾಡಿಗೆ ಕಾದಿರಿಸಿಕೊಟ್ಟ ಜಾಲತಾಣದವರಿಗೆ ಬರೆದರೆ, ತಾವು ಮಧ್ಯವರ್ತಿಗಳು ಮಾತ್ರ, ಮನೆಯ ಸುಸ್ಥಿತಿ ಮನೆಯವರ ಹೊಣೆ ಎಂಬ ವಿನಯದ ಮಿಂಚಂಚೆ ಬಂತು. ಒಬ್ಬರು ಸಂಬಂಧವನ್ನು ಮುಂದಿಟ್ಟು ಹೊಣೆಯನ್ನು ಮರೆತರು. ಇನ್ನೊಬ್ಬರು ಸಂಬಂಧವೇ ಇಲ್ಲವೆಂದರು.

ಮೂರನೆಯ ವಿರೋಧ ಮನೆಯೊಳಗಿನದು. "ರಾತ್ರಿ ಮಳೆಯಲ್ಲಿ ಗಾಡಿ ತೆಗೆದವನ ಮೇಲೆ ದೂರು ಕೊಡುವುದೇ? ಉಂಡ ಮನೆಯ ಜಂತೆ ಎಣಿಸಬಾರದು" ಎಂದು ಆಯಿ ಖಂಡಿತವಾಗಿ ಹೇಳಿದರು. ನೋವು ಅವರದು, ಆದ್ದರಿಂದ ಮಾತೂ ಅವರದೇ ಎಂದು ನಾವು ಸುಮ್ಮನಾದೆವು.

ಅವರ ಮನಸ್ಸು ಬದಲಾದದ್ದು ಬ್ಯಾಂಕಿನಲ್ಲಿ. ಕೈಗೆ ಪಟ್ಟಿ ಕಟ್ಟಿದ್ದ ದಿನಗಳಲ್ಲಿ ಯಾವುದೋ ಕಾಗದಕ್ಕೆ ಸಹಿ ಬೇಕಾಯಿತು. ಗುಮಾಸ್ತ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದ. ತೋಟದ ಲೆಕ್ಕವನ್ನು ನಲವತ್ತು ವರ್ಷ ಮುತ್ತಿನಂಥ ಅಕ್ಷರಗಳಲ್ಲಿ ಬರೆದಿಟ್ಟವರು ಎಡಗೈ ಹೆಬ್ಬೆಟ್ಟು ಒತ್ತಿ ಬಂದರು. ದಾರಿಯಲ್ಲಿ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಾವಾಗಿಯೇ ಹೇಳಿದರು: "ಮಳೆಗಾಲ ಬಂತೆಂದರೆ ನಾವು ಅಂಗಳಕ್ಕೆ ಅಡಕೆ ದಬ್ಬೆ ಹಾಸುತ್ತಿರಲಿಲ್ಲವೇ? ಬಂದವರು ಜಾರಬಾರದು ಅಂತ. ಅದಕ್ಕೆ ಯಾರಾದರೂ ದುಡ್ಡು ಕೊಟ್ಟಿದ್ದರೇ? ಬರೆ ನೀನು, ಅರ್ಜಿ ಬರೆ."

ಕಾನೂನು ಇದನ್ನೇ ತನ್ನ ಭಾಷೆಯಲ್ಲಿ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕನೆಂದರೆ ಹಣ ಕೊಟ್ಟವನು ಮಾತ್ರವಲ್ಲ, ಅವನ ಒಪ್ಪಿಗೆಯಿಂದ ಸೇವೆಯನ್ನು ಅನುಭವಿಸಿದವನೂ ಹೌದು. ಹಾಗಾಗಿ ಕೋಣೆ ನಮ್ಮ ಹೆಸರಿನಲ್ಲಿದ್ದರೂ ಆಯಿ ಗ್ರಾಹಕರೇ. ಹಳೆಯ 1986ರ ಕಾಯ್ದೆಯಂತೆ ಎದುರು ಪಕ್ಷದವರು ಇರುವಲ್ಲಿ ಅಥವಾ ಘಟನೆ ನಡೆದಲ್ಲಿ ದೂರು ಕೊಡಬೇಕಿತ್ತು. ಈಗ ದೂರುದಾರರು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ಕೊಡಬಹುದು. ಊರು ಬಿಟ್ಟು ಊರಲ್ಲಿರುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಘಟನೆಯಿಂದ ಎರಡು ವರ್ಷಗಳ ಒಳಗೆ ಸಲ್ಲಿಸಬೇಕು. ಸೇವೆಗೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಸರ್ಕಾರದ ಜಾಲತಾಣದ ಮೂಲಕ ಮನೆಯಿಂದಲೇ ಕಳುಹಿಸಬಹುದು. ನಮ್ಮ ದೂರಿನ ಬೆನ್ನೆಲುಬಾದದ್ದು ಮೂರು ಸಾಮಾನುಗಳು: ದೀಪದ ಬಗ್ಗೆ ಕಳಿಸಿದ್ದ ವಾಟ್ಸಾಪ್ ಸಂದೇಶ, ಮರುದಿನ ಬೆಳಿಗ್ಗೆ ಮಗಳು ತೆಗೆದ ಮೆಟ್ಟಿಲುಗಳ ಚಿತ್ರ, ಮೊದಲು ತೋರಿಸಿದ ಆಸ್ಪತ್ರೆಯ ಚೀಟಿ. ಬಿದ್ದವರನ್ನು ಎತ್ತುವ ಗಡಿಬಿಡಿಯಲ್ಲಿ ಇವು ಯಾರಿಗೂ ನೆನಪಾಗುವುದಿಲ್ಲ. ಓದುಗ ಮಿತ್ರರು ನೆನಪಿಟ್ಟುಕೊಳ್ಳಬೇಕೆಂದೇ ಬರೆಯುತ್ತಿದ್ದೇವೆ.

ಎದುರು ಪಕ್ಷದ ವಕೀಲರು, ಆವರಣದಲ್ಲಿ ಸ್ವಂತ ಹೊಣೆಯ ಮೇಲೆ ಓಡಾಡತಕ್ಕದ್ದು ಎಂಬ ಫಲಕವಿದೆ ಎಂದರು. ಸರ್ಕಾರವೇ ಆಸ್ಪತ್ರೆಯ ಹಣ ಕೊಟ್ಟಿರುವಾಗ ನಷ್ಟವೆಲ್ಲಿ ಎಂದರು. ಸರ್ಕಾರ ಕೊಟ್ಟದ್ದನ್ನು ನಾವು ಕೇಳಿಯೇ ಇಲ್ಲವೆಂದು ಲೆಕ್ಕ ತೋರಿಸಿದೆವು. ಫಲಕ ಹಾಕಿದವರಿಗೆ ಬಲ್ಬು ಹಾಕುವುದು ಕಷ್ಟವಾಗಿರಲಿಲ್ಲ ಎಂಬುದನ್ನು ಆಯೋಗದ ಮುಂದೆ ಬೇರೆ ಮಾತುಗಳಲ್ಲಿ ಹೇಳಿದೆವು.

ಆಯೋಗ ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಹೋಗುವಿರಾ ಎಂದು ಕೇಳಿತು. ಹೊಸ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಒಪ್ಪುವ ಮುನ್ನ ನಮಗೆ ನೆನಪಾದದ್ದು ಕ್ಲಾಸ್ ಮಿಟೆಲ್‌ಬಾಕರ್ಟ್ ಅವರ ಪ್ರಕರಣ. ಈ ಜರ್ಮನ್ ಸಹ-ವಿಮಾನಚಾಲಕ 1972ರ ಆಗಸ್ಟಿನಲ್ಲಿ ದೆಹಲಿಯ ಪಂಚತಾರಾ ಹೋಟೆಲಿನ ಈಜುಕೊಳಕ್ಕೆ ಧುಮುಕಿ, ತಲೆ ತಳಕ್ಕೆ ಬಡಿದು, ಮೈ ಸ್ವಾಧೀನ ಕಳೆದುಕೊಂಡರು. 1985ರಲ್ಲಿ ತೀರಿಕೊಂಡರು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 50 ಲಕ್ಷ ರೂಪಾಯಿ ಪರಿಹಾರ ವಿಧಿಸಿದ್ದು 1997ರಲ್ಲಿ. ಹೋಟೆಲು ತನ್ನ ಅತಿಥಿಗಳ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಬೇಕೆಂಬುದಕ್ಕೆ ಆ ತೀರ್ಪನ್ನು ಇಂದಿಗೂ ಹೆಸರಿಸುತ್ತಾರೆ. ಆದರೆ ಗಾಯಾಳುವೇ ಇಲ್ಲದ ಮೇಲೆ ದಾವೆ ಉಳಿಯದೆಂದು ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ಎಪ್ಪತ್ತೊಂದು ವರ್ಷದ ಆಯಿಯನ್ನು ಅಂಥ ಕಾಯುವಿಕೆಗೆ ಒಡ್ಡಲು ನಮಗೆ ಮನಸ್ಸಾಗಲಿಲ್ಲ.

ಆ ದಿನ ಮೊಗಸಾಲೆಯಲ್ಲಿ ಯಜಮಾನರು ಆಯಿಯ ಕಾಲಿಗೆರಗಿದರು. ಆಯಿ ತಲೆಯ ಮೇಲೆ ಕೈಯಿಟ್ಟು ಹರಸಿ, ಮರಾಠಿ ಬೆರೆತ ತಮ್ಮ ಕನ್ನಡದಲ್ಲಿ ಹೇಳಿದರು: "ನೀನು ಒಳ್ಳೆಯವನು ಮಾರಾಯ, ಅದನ್ನು ನಾನು ಮರೆಯುವುದಿಲ್ಲ. ಆದರೆ ಬಿದ್ದ ಮೇಲೆ ಎತ್ತಿದ್ದಕ್ಕೂ ಬೀಳದಂತೆ ನೋಡಿಕೊಳ್ಳುವುದಕ್ಕೂ ವ್ಯತ್ಯಾಸ ಉಂಟು." ಅವರಿಗೆ ಎಷ್ಟು ಅರ್ಥವಾಯಿತೋ, ತಲೆಯಾಡಿಸಿದರು.

1,20,000 ರೂಪಾಯಿಗೆ ರಾಜಿಯಾಯಿತು. ಯಜಮಾನರದು 80,000, ಎರಡು ಕಂತುಗಳಲ್ಲಿ, ಉಳಿದದ್ದು ಜಾಲತಾಣದವರದು. ಮೆಟ್ಟಿಲಿಗೆ ಕೈಪಿಡಿ ಮತ್ತು ದೀಪ ಎಂಬ ಷರತ್ತನ್ನು ಸೇರಿಸಿದವರು ಆಯಿ. ಕೈಪಿಡಿಯ ಚಿತ್ರ ಮೊದಲ ಕಂತಿಗಿಂತ ಮುಂಚೆಯೇ ಬಂತು.

ಇಂಗ್ಲಿಷ್ ಎಂ.ಎ. ಓದಿದ ಹಳೆಯ ಚಟದಿಂದ ಪದಗಳನ್ನು ಕೆದಕುವುದು ನಮಗೆ ಬಿಟ್ಟಿಲ್ಲ. ಕಾಂಪೆನ್ಸೇಷನ್ ಎಂಬುದರ ಲ್ಯಾಟಿನ್ ಮೂಲಕ್ಕೆ ತಕ್ಕಡಿಯ ಎರಡು ತಟ್ಟೆಗಳನ್ನು ಸರಿತೂಗಿಸುವ ಅರ್ಥ. ನಾವೋ ಅದಕ್ಕೆ ಪರಿಹಾರ ಎನ್ನುತ್ತೇವೆ. ಕಷ್ಟವನ್ನೇ ಇಲ್ಲವಾಗಿಸುವ ಮಾತು ಅದು. ಆಯಿಯ ಮಣಿಕಟ್ಟು ಇಂದಿಗೂ ಪೂರ್ತಿ ತಿರುಗುವುದಿಲ್ಲ. ಒದ್ದೆ ಬಟ್ಟೆ ಹಿಂಡಲು ಬಾರದು. ಆಯೋಗದಿಂದ ಸಿಕ್ಕಿದ್ದು ತೂಕ ಮಾತ್ರ. ಆದರೆ ತೂಕಕ್ಕೆ ಹಾಕಿದ್ದರಿಂದಲೇ ಆ ಮೆಟ್ಟಿಲಿಗೆ ದೀಪ ಬಂತೆಂಬುದೂ ನಿಜ.

ನಮ್ಮ ಬಳಗದ ಎಷ್ಟೋ ಜನರ ಅಣ್ಣತಮ್ಮಂದಿರು ಊರಿನ ಹಳೆಯ ಮನೆಗಳನ್ನು ಹೋಮ್‌ಸ್ಟೇ ಮಾಡಿದ್ದಾರೆ. ಈ ಕಥೆಯನ್ನು ಕೇಳಿದ ಹಲವರು ನಾವು ಯಾರ ಪಕ್ಷ ಎಂಬಂತೆ ನೋಡುತ್ತಾರೆ. ನಾವು ಅವರನ್ನು ಕೇಳುವುದು ಎರಡೇ ಪ್ರಶ್ನೆ. ಬಂದವರು ಬಿದ್ದರೆ ಹಣ ಕಟ್ಟಿಕೊಡುವ ಹೊಣೆಗಾರಿಕೆಯ ವಿಮೆ ಮಾಡಿಸಿದ್ದೀರಾ? ಈ ಸಲ ಮಳೆ ಹಿಡಿಯುವ ಮುನ್ನ ಅಂಗಳಕ್ಕೆ ದಬ್ಬೆ ಹಾಸಿದ್ದೀರಾ? ಮೊದಲನೆಯ ಪ್ರಶ್ನೆ ನಮ್ಮದು. ಎರಡನೆಯದು ಆಯಿಯದು, ಫೋನಿನಲ್ಲಿ ಯಾರೇ ಸಿಕ್ಕರೂ ಅವರೇ ಮೊದಲು ಕೇಳಿಬಿಡುತ್ತಾರೆ.