ಕರಿಬೇವಿನ ಕುಡಿ ಮುರಿಯಬೇಕು

ಯುಗಾದಿ ಸಮೀಪಿಸುತ್ತಿದ್ದಂತೆ ನಮ್ಮ ಬಾಲ್ಕನಿಯ ಕರಿಬೇವು ಮೈ ಕೊಡವಿಕೊಂಡಿದೆ. ಚಳಿಗಾಲವಿಡೀ ಎಲೆ ಹಳದಿಯಾಗಿಸಿಕೊಂಡು, ಉದುರಿಸಿಕೊಂಡು ಸುಮ್ಮನಿದ್ದ ಗಿಡ ಈ ವಾರ ರೆಂಬೆ ರೆಂಬೆಯಲ್ಲೂ ಚಿಗುರಿದೆ. ಎಳೆಗುಡಿಯನ್ನು ಸವರಿದರೆ ಸಾಕು, ಘಮ ಮಧ್ಯಾಹ್ನದವರೆಗೂ ಬೆರಳಲ್ಲೇ ಇರುತ್ತದೆ.

ನಾನು ಮೊದಲು ಮಾಡುವ ಕೆಲಸ, ಆ ಕುಡಿಗಳನ್ನು ಮುರಿಯುವುದು. ನೋಡಿದವರು ಹೌಹಾರುತ್ತಾರೆ. "ಪಾಪ, ಈಗ ತಾನೇ ಚಿಗುರಿದೆ, ಚಿವುಟಬೇಡಿ!" ಅಂಥವರ ಮನೆಯ ಗಿಡ ಹೇಗಿರುತ್ತದೆಂದು ನೋಡದೆಯೇ ಹೇಳಬಲ್ಲೆ: ಆಳೆತ್ತರದ ಬೋಳು ಕೋಲು, ನೆತ್ತಿಯಲ್ಲಷ್ಟೇ ನಾಲ್ಕು ಗರಿ. ಒಗ್ಗರಣೆಗೆ ಬೇಕೆಂದಾಗಲೆಲ್ಲ ಕೆಳಗಿನಿಂದ ಒಂದೊಂದೇ ಎಲೆ ಕಿತ್ತು, ತುದಿಯನ್ನು ಮಾತ್ರ ಕಾಪಾಡಿದ್ದರ ಫಲ ಅದು. ತುದಿಮೊಗ್ಗಿನಿಂದ ಇಳಿಯುವ ಆಕ್ಸಿನ್ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಏಳಗೊಡುವುದಿಲ್ಲ. ತುದಿ ಹೋದರೆ ಅವು ಎಚ್ಚರಗೊಂಡು, ಒಂದು ರೆಂಬೆಯಿದ್ದ ಕಡೆ ಎರಡು ಮೂರು ಒಡೆಯುತ್ತವೆ. ಎಲೆ ಕೀಳುವ ಬದಲು, ಕಣ್ಣಿನ ಸ್ವಲ್ಪ ಮೇಲಕ್ಕೆ ಕಡ್ಡಿಸಮೇತ ಕತ್ತರಿಸಿ. ಹೂಗೊಂಚಲು ಬಂದರೂ ತೆಗೆಯಿರಿ. ಕುಂಡದ ಹಿಡಿ ಮಣ್ಣಿನ ಕಸುವು ಕಾಯಿಗೆ ಹೋದರೆ ಎಲೆಗೆ ಉಳಿಯುವುದೇನು?

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಳಿ ಬೇಕೆಂದು ನರ್ಸರಿಯಿಂದ ನರ್ಸರಿಗೆ ಅಲೆಯುವವರಿದ್ದಾರೆ. ಅಲೆಯಲಿ, ಆ ತಳಿಗಳ ಘಮ ಒಳ್ಳೆಯದೇ. ಹುಳಿ ಮಜ್ಜಿಗೆ ಎರೆಯುವವರೊಂದಿಗೂ ನನಗೆ ಜಗಳವಿಲ್ಲ. ಆದರೆ ಬಿಸಿಲು ಬೀಳದ ಮೂಲೆಯಲ್ಲಿಟ್ಟು, ಕತ್ತರಿ ಮುಟ್ಟಿಸದೆ, ಮಜ್ಜಿಗೆಯೊಂದರಿಂದಲೇ ಗಿಡ ಪೊದೆಯಾಗಲಿ ಎಂದರೆ ಆಗುವ ಮಾತಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ಹುಳುವಿನ ವಿಷಯದಲ್ಲಿ. ಕರಿಬೇವು ನಿಂಬೆಯ ಕುಟುಂಬದ್ದು; ಹಾಗಾಗಿ ನಿಂಬೆ ಗಿಡಕ್ಕೆ ಬರುವ ಚಿಟ್ಟೆಗಳು ಇದರ ಎಳೆ ಎಲೆಯ ಮೇಲೂ ಮೊಟ್ಟೆಯಿಡುತ್ತವೆ. ಮರಿಹುಳು ಮೊದಮೊದಲು ಕಪ್ಪು-ಬಿಳಿ ಮಚ್ಚೆ ಹೊತ್ತು, ಥೇಟ್ ಹಕ್ಕಿ ಹಿಕ್ಕೆಯಂತೆ ಎಲೆಗಂಟಿಕೊಂಡಿರುತ್ತದೆ. ಬೆಳೆದ ಮೇಲೆ ಹಸಿರಾಗಿ ಎಲೆಯಲ್ಲೇ ಅಡಗುತ್ತದೆ. ಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡಿ: ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದು ಛಕ್ಕನೆ ಹೊರಚಾಚುತ್ತದೆ, ಗಾಟು ವಾಸನೆ ಬರುತ್ತದೆ. ಇರುವೆ, ಜೇಡಗಳನ್ನು ಹೆದರಿಸಲು ಆ ಹುಳುವಿಗಿರುವ ಆಯುಧ ಅದೊಂದೇ. ಇದನ್ನು ಬಾಲ್ಕನಿಯಲ್ಲಿ ನಿಂತೇ ನೋಡಬಹುದು. ಅಷ್ಟಿದ್ದೂ, ಎಲೆಯಲ್ಲಿ ನಾಲ್ಕು ತೂತು ಕಂಡ ಕೂಡಲೇ ಕೀಟನಾಶಕದ ಬಾಟಲಿ ಹುಡುಕುತ್ತಾರೆ! ಮಾರುಕಟ್ಟೆಯ ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೆಂದು ತಾನೇ ಮನೆಯಲ್ಲಿ ಬೆಳೆಯಲು ಹೊರಟಿದ್ದು? ಅದೇ ವಿಷವನ್ನು ಸ್ವಂತ ಕೈಯಾರೆ ಸಿಂಪಡಿಸಿ, ಸಂಜೆ ಸಾರಿಗೆ ಹಾಕುವುದು ಯಾವ ನ್ಯಾಯ?

ಆ ಹುಳು ತಿನ್ನುವುದೇನು? ಬಹುಮಟ್ಟಿಗೆ ನಾವು ಮುರಿಯಲು ಹಿಂಜರಿಯುವ ಎಳೆ ಕುಡಿಯನ್ನೇ. ಬೇರು ಗಟ್ಟಿಯಾಗಿರುವ ಗಿಡ ಅಷ್ಟಕ್ಕೆ ಸಾಯುವುದಿಲ್ಲ, ಮತ್ತೆ ಕವಲೊಡೆಯುತ್ತದೆ. ಗಿಡ ತೀರಾ ಚಿಕ್ಕದಾಗಿದ್ದರೆ ಹುಳುವನ್ನು ಎಲೆಸಮೇತ ಎತ್ತಿ ಬೀದಿಯ ನಿಂಬೆ ಗಿಡಕ್ಕೆ ಬಿಟ್ಟುಬನ್ನಿ. ಜಾಗವಿದ್ದರೆ ಇನ್ನೊಂದು ಕುಂಡ ಇಡಿ: ಒಂದು ಒಗ್ಗರಣೆಗೆ, ಒಂದು ಚಿಟ್ಟೆಗೆ.